ಹಬೆಯಲ್ಲಿ ಬೇಯಿಸುವ ಚೀನೀ ಹಂದಿಮಾಂಸದ ಡಂಪ್ಲಿಂಗ್: ಕಣಕ ಬಿರಿಯುತ್ತದೆ, ಹೂರಣ ಒಣಗುತ್ತದೆ

ಹಬೆಪಾತ್ರೆ (ಮೈಸೂರು) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ನಾನು ಮೂರು ವರ್ಷ ಈಶಾನ್ಯ ಚೀನಾದ ಶೆನ್ಯಾಂಗ್ ನಗರದಲ್ಲಿದ್ದೆ. ನಾವಿದ್ದ ಕಟ್ಟಡದ ಕೆಳಗಿನ ಬೀದಿಯಲ್ಲಿ ಬೆಳಗಿನ ಆರೂವರೆಗೇ ಬಿದಿರಿನ ಹಬೆಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟುಕೊಂಡು ಹಂದಿಮಾಂಸದ ಜಿಯಾವ್‌ಜ (ಹೂರಣ ತುಂಬಿದ ಚೀನೀ ಡಂಪ್ಲಿಂಗ್) ಮಾರುವ ಚಿಕ್ಕ ಅಂಗಡಿಯೊಂದಿತ್ತು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಆ ಬುಟ್ಟಿಯ ಮುಚ್ಚಳ ತೆಗೆದಾಗ ಏಳುತ್ತಿದ್ದ ಹಬೆ, ಮೊದಲ ತುತ್ತಿಗೇ ಬಾಯೊಳಗೆ ಒಸರುತ್ತಿದ್ದ ಬಿಸಿ ರಸ, ಇವನ್ನು ನಾನು ಮರೆತಿಲ್ಲ. ಊರಿಗೆ ಮರಳಿ ಎರಡು ವರ್ಷವಾಯಿತು. ಅದನ್ನು ಮನೆಯಲ್ಲೇ ಮಾಡಬೇಕೆಂದು ಮೂರು ಸಲ ಪ್ರಯತ್ನಿಸಿದ್ದೇನೆ, ಮೂರು ಸಲವೂ ಸರಿಬಂದಿಲ್ಲ.

ನಾನು ಮಾಡಿದ ರೀತಿ ಹೀಗಿದೆ. 300 ಗ್ರಾಂ ಮೈದಾಹಿಟ್ಟನ್ನು ಚಪಾತಿಗೆ ಕಲಸುವಂತೆ ತಣ್ಣೀರಿನಲ್ಲಿ ಕಲಸಿ, ಪೂರಿಯಷ್ಟು ಅಗಲಕ್ಕೆ ಲಟ್ಟಿಸಿದೆ. ಅಂಗಡಿಯಿಂದ ತಂದ ನೆಣವಿಲ್ಲದ ಹಂದಿಮಾಂಸದ ಕೈಮಾಕ್ಕೆ ಶುಂಠಿ, ಈರುಳ್ಳಿ ಸೊಪ್ಪು, ಸೋಯಾ ಸಾಸ್, ಉಪ್ಪು ಮತ್ತು ಸಣ್ಣಗೆ ಹೆಚ್ಚಿದ ಎಲೆಕೋಸನ್ನು ಬೆರೆಸಿ ತುಂಬಿದೆ. ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿದೆ. ಹೊರಗಿನ ಕಣಕ ಬೆಂದ ಮೇಲೆ ಚಕ್ಕಳದಂತೆ ಬಿರುಸಾಗಿ, ಅಂಚಿನ ನಿರಿಗೆಗಳ ಬಳಿ ಬಿರಿಯುತ್ತದೆ. ತಳ ತಟ್ಟೆಗೆ ಅಂಟಿಕೊಂಡು ಎತ್ತುವಾಗ ಹರಿದು, ಇದ್ದ ರಸವೂ ಸೋರಿಹೋಗುತ್ತದೆ. ಒಳಗಿನ ಹೂರಣವಂತೂ ಕಣಕದಿಂದ ಬೇರ್ಪಟ್ಟು ಗಟ್ಟಿ ಉಂಡೆಯಾಗಿ ಉರುಳಾಡುತ್ತದೆ. ಮಸಾಲೆಯ ಅಳತೆಯನ್ನು ಪ್ರತಿ ಸಲ ಬದಲಿಸಿದರೂ ಫಲ ಬದಲಾಗಲಿಲ್ಲ. ತಪ್ಪು ಎಲ್ಲಿದೆ ಎಂದು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು. ನನ್ನಲ್ಲಿ ಬಿದಿರಿನ ಬುಟ್ಟಿ ಇಲ್ಲ ಎಂಬುದನ್ನೂ ಗಮನದಲ್ಲಿಡಿ.

ಉತ್ತರದ ಚಳಿ (ದಾಲಿಯನ್, ಚೀನಾ) ಬರೆದ ಉತ್ತರ:

ನೀವಿದ್ದ ಪ್ರಾಂತ್ಯದಲ್ಲೇ, ಲಿಯಾವ್‌ನಿಂಗ್‌ನ ಕಡಲ ತೀರದ ಊರಿನಲ್ಲಿ ನಾನು ಸಂಸಾರಸಮೇತ ಒಂಬತ್ತು ವರ್ಷದಿಂದ ಇದ್ದೇನೆ. ನೆರೆಮನೆಯ ಅಜ್ಜಿಯೊಬ್ಬರು ತಮ್ಮ ಅಡುಗೆಮನೆಯಲ್ಲಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮಸಾಲೆಯಲ್ಲಿ ದೋಷವಿಲ್ಲ. ನೀವು ಹೇಳಿದ ಎಲ್ಲ ತೊಂದರೆಗಳಿಗೂ ಒಂದೇ ಮೂಲವಿದೆ: ನೀರು ಇರಬೇಕಾದ ಕಡೆ ಇಲ್ಲ, ಇರಬಾರದ ಕಡೆ ನಿಂತಿದೆ.

ಮೊದಲು ಕಣಕದ ವಿಷಯ. ಇಲ್ಲಿಯವರು ನೀರಿನಲ್ಲಿ ಕುದಿಸುವ ಜಿಯಾವ್‌ಜಕ್ಕೆ ಒಂದು ಬಗೆಯಲ್ಲಿ, ಹಬೆಯಲ್ಲಿ ಬೇಯಿಸುವುದಕ್ಕೆ ಮತ್ತೊಂದು ಬಗೆಯಲ್ಲಿ ಹಿಟ್ಟು ಕಲಸುತ್ತಾರೆ. ಕುದಿಸುವಾಗ ಕಣಕವು ಪಾತ್ರೆಯ ನೀರನ್ನು ಹೀರಿಕೊಂಡು ಮೆತ್ತಗಾಗುತ್ತದೆ, ಹೊರಳಾಡುವ ನೀರಿನಲ್ಲಿ ಒಡೆಯದಿರಲು ಅದಕ್ಕೆ ಬಿಗಿಯೂ ಬೇಕು, ಆದ್ದರಿಂದ ತಣ್ಣೀರು. ಹಬೆಯಲ್ಲಿ ಹೀಗೆ ಹೀರಿಕೊಳ್ಳಲು ನೀರು ಸಿಗುವುದಿಲ್ಲ. ಕಲಸುವಾಗ ಎಷ್ಟು ನೀರನ್ನು ಹಿಟ್ಟಿನೊಳಗೆ ಹಿಡಿದಿಟ್ಟೆವೋ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಹಬೆಯ ಜಿಯಾವ್‌ಜಕ್ಕೆ ಕುದಿಯುವ ನೀರಿನಲ್ಲಿ ಹಿಟ್ಟು ಕಲಸುತ್ತಾರೆ. ಅದಕ್ಕೆ ಥಾಂಗ್‌ಮಿಯನ್ ಎಂದು ಹೆಸರು. ಕಡುಬಿಗೂ ಅಕ್ಕಿರೊಟ್ಟಿಗೂ ನಾವು ಅಕ್ಕಿಹಿಟ್ಟನ್ನು ಕುದಿನೀರಿಗೆ ಹಾಕಿ ಉಕ್ಕರಿಸುತ್ತೇವಲ್ಲ, ಅದೇ ತತ್ತ್ವ. ಸುಮಾರು 60 ಡಿಗ್ರಿಯ ಶಾಖ ದಾಟಿದ ಮೇಲೆ ಹಿಟ್ಟಿನ ಪಿಷ್ಟದ ಕಣಗಳು ಉಬ್ಬಿ, ತಣ್ಣೀರಿನಲ್ಲಿ ಹಿಡಿಯಲಾರದಷ್ಟು ನೀರನ್ನು ಹಿಡಿದುಕೊಳ್ಳುತ್ತವೆ. ಅಕ್ಕಿಯಲ್ಲಿ ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಇಲ್ಲದ ಕಾರಣ ಹಿಟ್ಟು ಒಂದಾಗಿ ಕೂಡಿಕೊಳ್ಳಲೆಂದು ಉಕ್ಕರಿಸುತ್ತೇವೆ. ಗೋಧಿಯಲ್ಲಿ ಗ್ಲುಟೆನ್ ಇದ್ದೇ ಇದೆ; ಅದರ ಬಿಗಿಯನ್ನು ಸಡಿಲಿಸಲೆಂದು ಅದೇ ಕುದಿನೀರನ್ನು ಬಳಸುತ್ತೇವೆ.

300 ಗ್ರಾಂ ಮೈದಾಕ್ಕೆ 150 ಮಿಲಿಲೀಟರ್ ಕುದಿಯುವ ನೀರನ್ನು ಎಳೆಯಾಗಿ ಸುರಿಯುತ್ತಾ ಚಾಪ್‌ಸ್ಟಿಕ್ಕಿನಿಂದಲೋ ಮರದ ಸೌಟಿನಿಂದಲೋ ಕದಡಿರಿ. ಹಿಟ್ಟು ಚೂರುಚೂರಾಗಿ ಗಂಟುಕಟ್ಟಿದ ಮೇಲೆ 40 ಮಿಲಿಲೀಟರ್ ತಣ್ಣೀರನ್ನು ಚಿಮುಕಿಸಿ ನಾದಿರಿ. ಪೂರ್ತಿ ಕುದಿನೀರೇ ಆದರೆ ಕಣಕ ಎಳೆದಾಗ ಹರಿಯುತ್ತದೆ. ಆ ಸ್ವಲ್ಪ ತಣ್ಣೀರು ಅದಕ್ಕೆ ತಕ್ಕಷ್ಟು ಜಿಗುಟನ್ನು ಉಳಿಸಿಕೊಡುತ್ತದೆ. ಮೈದಾ ಹೀರುವ ನೀರು ಚೀಲದಿಂದ ಚೀಲಕ್ಕೆ ವ್ಯತ್ಯಾಸವಾಗುವುದರಿಂದ ಕೊನೆಯ ಒಂದೆರಡು ಚಮಚವನ್ನು ಕೈಯ ಅಂದಾಜಿಗೆ ಬಿಡಿ. ಕಿವಿಯ ಹಾಲೆಯಷ್ಟು ಮೆದುವಾದರೆ ಸರಿ. ಹಿಂಡಿದ ಒದ್ದೆ ಬಟ್ಟೆ ಮುಚ್ಚಿ ಕನಿಷ್ಠ 40 ನಿಮಿಷ ಬಿಡಲೇಬೇಕು.

ಇನ್ನು ಹೂರಣ. ಶೆನ್ಯಾಂಗ್‌ನಲ್ಲಿ ನೀವು ಸವಿದ ರಸದಲ್ಲಿ ಒಂದು ಪಾಲು ಕರಗಿದ ನೆಣ, ಉಳಿದದ್ದು ಹೊರಗಿನಿಂದ ಮಾಂಸದೊಳಗೆ ಸೇರಿಸಿದ ನೀರು. ಏಳು ಪಾಲು ಕೆಂಪು, ಮೂರು ಪಾಲು ನೆಣ ಎಂಬುದು ಇಲ್ಲಿನ ಮನೆಮನೆಯ ಲೆಕ್ಕ. ನೆಣವೇ ಇಲ್ಲದ ಕೈಮಾ ತಂದರೆ ಯಾವ ಉಪಾಯವೂ ಅದನ್ನು ರಸವತ್ತಾಗಿಸಲಾರದು. ಒಂದಿಂಚು ಶುಂಠಿಯನ್ನು ಜಜ್ಜಿ, ಎರಡು ಎಸಳು ಈರುಳ್ಳಿ ಸೊಪ್ಪನ್ನು ಹಿಚುಕಿ, 120 ಮಿಲಿಲೀಟರ್ ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ಸೋಸಿಕೊಂಡು, ಪೂರ್ತಿ ತಣ್ಣಗಾಗಲು ಬಿಡಿ. 350 ಗ್ರಾಂ ಮಾಂಸಕ್ಕೆ ಮೊದಲು ಅರ್ಧ ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಸೋಯಾ ಸಾಸ್, ಅಷ್ಟೇ ಪ್ರಮಾಣದ ಶಾವ್‌ಶಿಂಗ್ ಅಕ್ಕಿಮದ್ಯ, ಕಾಲು ಚಮಚ ಬಿಳಿಮೆಣಸಿನ ಪುಡಿ ಹಾಕಿ ಕಲಸಿರಿ. ಮದ್ಯ ಸಿಗದಿದ್ದರೆ ಬಿಟ್ಟುಬಿಡಿ. ಆಮೇಲೆ ಸೋಸಿದ ನೀರಿನಲ್ಲಿ ಸುಮಾರು 90 ಮಿಲಿಲೀಟರನ್ನು ನಾಲ್ಕು ಕಂತಿನಲ್ಲಿ ಸೇರಿಸುತ್ತಾ, ಪ್ರತಿ ಕಂತಿನ ನೀರನ್ನೂ ಮಾಂಸ ಪೂರ್ತಿ ಹೀರಿಕೊಂಡ ಮೇಲಷ್ಟೇ ಮುಂದಿನದನ್ನು ಹಾಕುತ್ತಾ, ಒಂದೇ ದಿಕ್ಕಿಗೆ ಬಿರುಸಾಗಿ ಕಲಸಬೇಕು. ಉಪ್ಪು ಮಾಂಸದ ಪ್ರೋಟೀನನ್ನು ಹೊರಗೆಳೆಯುತ್ತದೆ, ಕಲಸುವಿಕೆಯಿಂದ ಅದು ಬಲೆಯಂತೆ ಹೆಣೆದುಕೊಂಡು ನೀರನ್ನೂ ನೆಣವನ್ನೂ ಹಿಡಿದುಕೊಳ್ಳುತ್ತದೆ. ಮಾಂಸ ತಣ್ಣಗಿದ್ದಷ್ಟೂ ಈ ಕೆಲಸ ಚೆನ್ನಾಗಿ ಆಗುತ್ತದೆ. ಕೈಮಾ ಬಣ್ಣದಲ್ಲಿ ತುಸು ತಿಳಿಯಾಗಿ, ಪಾತ್ರೆಯ ಅಂಚಿಗೆ ಎಳೆ ಬಿಟ್ಟುಕೊಂಡು ಅಂಟುವಂತಾದಾಗ ನಿಲ್ಲಿಸಿ. ಹತ್ತು ನಿಮಿಷದ ಈ ಶ್ರಮವನ್ನು ಉಳಿಸಲು ಹೋಗಬೇಡಿ. ನಿಮ್ಮ ಹೂರಣ ಉಂಡೆಗಟ್ಟಿದ್ದು ಇದಿಲ್ಲದ ಕಾರಣಕ್ಕೇ.

ಎಲೆಕೋಸನ್ನು ಬೇರೆಯಾಗಿ ಹೆಚ್ಚಿ, ಉಪ್ಪು ಬೆರೆಸಿ ಕಾಲು ಗಂಟೆ ಇಟ್ಟು ಹಿಂಡಬೇಕು. ಹಿಂಡದಿದ್ದರೆ ಅದು ಬಿಡುವ ನೀರು ಕಣಕದ ತಳವನ್ನು ನೆನೆಸಿ ಹರಿಯುವಂತೆ ಮಾಡುತ್ತದೆ. ಹಿಂಡಿದ ಕೋಸಿಗೆ ಎಳ್ಳೆಣ್ಣೆ ಸವರಿ, ತುಂಬುವ ಹೊತ್ತಿಗಷ್ಟೇ ಮಾಂಸದೊಂದಿಗೆ ಬೆರೆಸಿ. ಇಲ್ಲಿಯ ಎಳ್ಳೆಣ್ಣೆ ಹುರಿದ ಎಳ್ಳಿನದು. ನಮ್ಮ ಗಾಣದ ಎಳ್ಳೆಣ್ಣೆಗೆ ಆ ಪರಿಮಳವಿಲ್ಲ. ಅದು ಸಿಗದಿದ್ದರೆ ಎಳ್ಳನ್ನು ಕಂದುಬಣ್ಣಕ್ಕೆ ಹುರಿದು, ಅರೆದು, ನಮ್ಮ ಎಣ್ಣೆಯಲ್ಲೇ ಕಲಸಿ ಬಳಸಬಹುದು.

ಲಟ್ಟಿಸುವಾಗ 12 ಗ್ರಾಂನ ಉಂಡೆಗಳನ್ನು ಮಾಡಿಕೊಳ್ಳಿ. ಈ ಅಳತೆಗೆ ಸುಮಾರು 40 ಆಗುತ್ತವೆ. ಎಡಗೈಯಿಂದ ಬಿಲ್ಲೆಯನ್ನು ತಿರುಗಿಸುತ್ತಾ, ಬಲಗೈಯ ಸಣ್ಣ ಲಟ್ಟಣಿಗೆಯನ್ನು ಅಂಚಿನಿಂದ ನಡುವಿನವರೆಗೆ ಮಾತ್ರ ತಂದು ಹಿಂದಕ್ಕೆ ಒಯ್ಯಿರಿ. ಆಗ ನಡು ದಪ್ಪಗೂ ಅಂಚು ತೆಳ್ಳಗೂ ಉಳಿಯುತ್ತದೆ. ಪೂರಿಯಂತೆ ಎಲ್ಲೆಡೆ ಒಂದೇ ದಪ್ಪಕ್ಕೆ ಲಟ್ಟಿಸಿದರೆ ನಿರಿಗೆ ಹಿಡಿದಲ್ಲಿ ಹಿಟ್ಟು ಮೂರುಪಟ್ಟು ಸೇರಿ ಬೇಯದೆ ಬಿರಿಯುತ್ತದೆ, ಭಾರ ಹೊರುವ ತಳ ಹರಿಯುತ್ತದೆ. ನಿರಿಗೆಯ ಸಂಖ್ಯೆಗೆ ಹೆದರಬೇಡಿ. ವಾಯವ್ಯ ಚೀನಾದ ತುರ್ಫಾನ್ ಬಳಿಯ ಅಸ್ತಾನಾ ಸಮಾಧಿಗಳಲ್ಲಿ ಸಿಕ್ಕ ಥಾಂಗ್ ಅರಸರ ಕಾಲದ ಒಣಗಿದ ಜಿಯಾವ್‌ಜಗಳು ಕೂಡ ಅರ್ಧಚಂದ್ರಾಕಾರದಲ್ಲೇ ಇವೆ. ಅರ್ಧಕ್ಕೆ ಮಡಚಿ ಗಾಳಿ ಉಳಿಯದಂತೆ ಅಂಚನ್ನು ಒತ್ತಿದರೂ ಸಾಕು.

ಕಾಫಿತೋಟ (ಮಡಿಕೇರಿ) ಬರೆದ ಉತ್ತರ:

ಮೇಲಿನ ವಿವರಣೆ ಸಮರ್ಪಕವಾಗಿದೆ. ನಾನು ಮಾಂಸದ ಆಯ್ಕೆ ಮತ್ತು ಸುರಕ್ಷತೆಯ ಬಗ್ಗೆ ಮಾತ್ರ ಸೇರಿಸುತ್ತೇನೆ. ಪಂದಿಕರಿಗೆ ನಾವು ತೊಗಲು ನೆಣ ಎರಡೂ ಇರುವ ತುಂಡುಗಳನ್ನು ತರುತ್ತೇವೆ, ಏಕೆಂದರೆ ಅದು ಬಹಳ ಹೊತ್ತು ಬೇಯುತ್ತದೆ. ಡಂಪ್ಲಿಂಗಿಗೆ ಬೇಕಾದದ್ದು ಮುಂಗಾಲಿನ ಮೇಲ್ಭಾಗದ, ಅಂದರೆ ಭುಜದ ಮಾಂಸ. ಅದರಲ್ಲಿ ನೆಣ ಸಹಜವಾಗಿಯೇ ನಡುನಡುವೆ ಇರುತ್ತದೆ. ಸಾಲದಿದ್ದರೆ ಹೊಟ್ಟೆಯ ಭಾಗದಿಂದ ಸ್ವಲ್ಪ ಸೇರಿಸಿರಿ. ತೊಗಲನ್ನು ತೆಗೆಸಿ, ಸಾಧ್ಯವಿದ್ದರೆ ಮನೆಯಲ್ಲೇ ಕತ್ತಿಯಿಂದ ಕೊಚ್ಚಿಕೊಳ್ಳಿ. ಯಂತ್ರದಲ್ಲಿ ಎರಡೆರಡು ಸಲ ಹಾಯಿಸಿದ ಕೈಮಾ ಬಿಸಿಯಾಗಿ ಜಿಡ್ಡು ಬಿಡುತ್ತದೆ, ಬೆಂದ ಮೇಲೆ ಹಿಟ್ಟಿನಂತೆ ಆಗುತ್ತದೆ. ತೆಗೆದ ತೊಗಲನ್ನು ಎಸೆಯಬೇಡಿ: ಅದನ್ನು ಎರಡು ಗಂಟೆ ಕುದಿಸಿ, ಸೋಸಿದ ಸಾರನ್ನು ಫ್ರಿಜ್‌ನಲ್ಲಿಟ್ಟರೆ ಗಟ್ಟಿ ಜೆಲ್ಲಿಯಾಗುತ್ತದೆ. ಶಾಂಘೈ ಬಳಿಯ ನಾನ್‌ಶಿಯಾಂಗ್‌ನ ಶಿಯಾವ್‌ಲೊಂಗ್‌ಬಾವ್‌ನೊಳಗೆ ಸಾರು ತುಂಬಿಕೊಂಡಿರುವುದು ಇಂಥ ಜೆಲ್ಲಿಯನ್ನು ಹೂರಣಕ್ಕೆ ಬೆರೆಸುವುದರಿಂದಲೇ. ಜಿಯಾವ್‌ಜಕ್ಕೆ ಅದು ಅಗತ್ಯವಲ್ಲ, ಆದರೆ ಎರಡು ಚಮಚ ಸೇರಿಸಿದರೆ ಹಾನಿಯೂ ಇಲ್ಲ.

ಹಸಿ ಹೂರಣದ ಉಪ್ಪನ್ನು ನಾಲಿಗೆಯಿಂದ ನೋಡಬಾರದು. ಹಂದಿಮಾಂಸದಲ್ಲಿ ಲಾಡಿಹುಳುವಿನ ಮರಿಕೋಶಗಳಿರುವ ಸಾಧ್ಯತೆಯನ್ನು ಎಂದಿಗೂ ಮರೆಯಬಾರದು. ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳು ಕಂಡರೆ ಆ ಮಾಂಸವನ್ನು ಕೊಳ್ಳಲೇಬೇಡಿ. ಉಪ್ಪು ನೋಡಲು ಒಂದು ಚಿಟಿಕೆ ಹೂರಣವನ್ನು ಬಾಣಲೆಯಲ್ಲಿ ಪೂರ್ತಿ ಬೇಯಿಸಿ ರುಚಿ ನೋಡಿ. ಕೊಚ್ಚಿದ ಮಾಂಸದ ನಡುಭಾಗ 71 ಡಿಗ್ರಿ ಮುಟ್ಟಬೇಕು. ನೀರು ಕುದಿದು ಹಬೆ ಜೋರಾಗಿ ಬರತೊಡಗಿದ ಮೇಲೆ ತಟ್ಟೆ ಇಟ್ಟು 12 ನಿಮಿಷ ಬೇಯಿಸಿದರೆ ಈ ಗಾತ್ರಕ್ಕೆ ಅದು ಸಿಗುತ್ತದೆ. ಎತ್ತರದ ಊರಿನಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ, ನಮ್ಮ ಮಡಿಕೇರಿಯಲ್ಲಿ ಅದು ಸುಮಾರು 96 ಡಿಗ್ರಿ, ನಾನು ಎರಡು ನಿಮಿಷ ಹೆಚ್ಚು ಬಿಡುತ್ತೇನೆ. ನಿಮ್ಮ ಇಪ್ಪತ್ತು ನಿಮಿಷ ಮಾತ್ರ ಅನಗತ್ಯ. ಅಷ್ಟು ಹೊತ್ತಿಗೆ ಮಾಂಸದ ನಾರುಗಳು ಬಿಗಿದುಕೊಂಡು ಸೇರಿಸಿದ ನೀರನ್ನೆಲ್ಲ ಹಿಂಡಿ ಹೊರಹಾಕುತ್ತವೆ.

ಅದ್ದಿಕೊಳ್ಳಲು ಝೆಂಜಿಯಾಂಗ್‌ನ ಕಪ್ಪು ವಿನೆಗರ್ ಸಿಗದಾಗ ನಮ್ಮ ಕಾಚಂಪುಳಿ ಬಳಸಬಹುದೇ ಎಂದು ನಾನೂ ಪರೀಕ್ಷಿಸಿದ್ದೇನೆ. ಬಣ್ಣ ಹೋಲುತ್ತದೆ, ಸ್ವಭಾವ ಬೇರೆ. ಅವರದು ಅಂಟಕ್ಕಿಯಿಂದ ಹುದುಗಿಸಿ ಹಳತು ಮಾಡಿದ್ದು, ಅದರಲ್ಲಿ ಸಣ್ಣ ಸಿಹಿಯಿದೆ. ಕಾಚಂಪುಳಿ ಹಣ್ಣಿನ ರಸವನ್ನು ಕಾಯಿಸಿ ಇಂಗಿಸಿದ್ದು, ಅದರ ಹುಳಿ ಹಲವು ಪಟ್ಟು ತೀಕ್ಷ್ಣ. ನಾಲ್ಕೈದು ಹನಿಯನ್ನು ಒಂದು ಚಮಚ ಸೋಯಾ ಸಾಸ್, ಒಂದು ಚಮಚ ನೀರು, ಚಿಟಿಕೆ ಸಕ್ಕರೆಯೊಂದಿಗೆ ಬೆರೆಸಿದರೆ ಹಂದಿಮಾಂಸಕ್ಕೆ ಅತ್ಯಂತ ಹೊಂದುತ್ತದೆ. ಆದರೆ ಅದು ಶೆನ್ಯಾಂಗ್‌ನ ರುಚಿಯಾಗದು, ಕೊಡಗಿನ ರುಚಿಯಾಗುತ್ತದೆ ಎಂಬುದನ್ನು ತಿಳಿದೇ ಬಳಸಿ.

ಕರಾವಳಿ ಅಡುಗೆ (ಮಂಗಳೂರು) ಬರೆದ ಉತ್ತರ:

ಪಾತ್ರೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬಿದಿರಿನ ಮುಚ್ಚಳ ಹಬೆಯನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ಸ್ವಲ್ಪ ಹೊರಬಿಡುತ್ತದೆ. ಲೋಹದ ಮುಚ್ಚಳದಲ್ಲಿ ಅದೇ ಹಬೆ ಹನಿಗಟ್ಟಿ ಡಂಪ್ಲಿಂಗುಗಳ ಮೇಲೆ ತೊಟ್ಟಿಕ್ಕುತ್ತದೆ. ಮುಚ್ಚಳಕ್ಕೆ ಒಳಗಿನಿಂದ ದಪ್ಪ ಹತ್ತಿಬಟ್ಟೆ ಬಿಗಿದು, ತುದಿಗಳನ್ನು ಬೆಂಕಿಗೆ ತಾಗದಂತೆ ಮೇಲೆ ಗಂಟುಹಾಕಿದರೆ ಆ ಹನಿಗಳು ಬಟ್ಟೆಯಲ್ಲೇ ನಿಲ್ಲುತ್ತವೆ. ಇಡ್ಲಿಯ ಗುಳಿಯ ತಟ್ಟೆ ಇದಕ್ಕೆ ತಕ್ಕುದಲ್ಲ, ತೂತಿಲ್ಲದ ತಟ್ಟೆ ಇಡ್ಲಿಯ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ತೂತುಗಳಿರುವ ಸಮತಟ್ಟಾದ ಜರಡಿತಟ್ಟೆಯೇ ಆಗಬೇಕು. ಅದರ ಮೇಲೆ ಕುದಿನೀರಿನಲ್ಲಿ ಒಂದು ನಿಮಿಷ ಬಾಡಿಸಿದ ಕೋಸಿನ ಎಲೆ ಹಾಸಿ, ಡಂಪ್ಲಿಂಗುಗಳ ನಡುವೆ ಒಂದು ಬೆರಳಿನಷ್ಟು ಜಾಗ ಬಿಡಿ. ಎಲೆಯೊಂದಿಗೇ ಎತ್ತಿ ತಟ್ಟೆಗಿಟ್ಟರೆ ತಳ ಹರಿಯುವ ಪ್ರಶ್ನೆಯೇ ಬರುವುದಿಲ್ಲ.

ದಾಲಿಯನ್‌ನವರ ಮಾತಿನಲ್ಲಿ ಒಂದಕ್ಕೆ ಮಾತ್ರ ನನ್ನ ಸಹಮತವಿಲ್ಲ. ಕೋಸನ್ನು ಹಿಂಡಿದ ನೀರನ್ನು ಚೆಲ್ಲುವುದೇಕೆ? ಆ ನೀರಿನಲ್ಲೇ ಕೋಸಿನ ಸಿಹಿಯಿದೆ. ಅದನ್ನು ಶುಂಠಿನೀರಿನ ಒಂದು ಪಾಲಿನ ಬದಲು ಮಾಂಸಕ್ಕೆ ಕಲಸಿ, ಉಪ್ಪನ್ನು ಅಷ್ಟೇ ಪ್ರಮಾಣದಲ್ಲಿ ಕಡಿಮೆ ಮಾಡಿದರೆ ಹೂರಣದ ರುಚಿ ಎಷ್ಟೋ ಮೇಲಾಗುತ್ತದೆ. ಮತ್ತೊಂದು ವಿಷಯ: ಉತ್ತರ ಚೀನಾದಲ್ಲಿ ಹಲವರು ಹುವಾಜಿಯಾವ್ (ಸಿಚುವಾನ್ ಮೆಣಸು) ಕಾಳು ನೆನೆಸಿದ ನೀರನ್ನು ಹೂರಣಕ್ಕೆ ಬಳಸುತ್ತಾರೆ. ನಮ್ಮ ಕರಾವಳಿಯ ಮೀನಿನ ಸಾರಿಗೆ ಹಾಕುವ ತೆಪ್ಪಲ್, ಅಂದರೆ ಜುಮ್ಮನಕಾಯಿ, ಅದೇ ಕುಲದ ಗಿಡದ್ದು. ನಾಲ್ಕು ಸಿಪ್ಪೆಯನ್ನು ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಸಿ ಬಳಸಿ ನೋಡಿ. ಹಂದಿಮಾಂಸದ ವಾಸನೆ ತಗ್ಗಿ ಪರಿಮಳ ಉಳಿಯುತ್ತದೆ.

ಹಬೆಪಾತ್ರೆ (ಮೈಸೂರು) ಮತ್ತೆ ಬರೆದದ್ದು:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾನುವಾರ ನೀವು ಹೇಳಿದಂತೆಯೇ ಮಾಡಿದೆ. ಕುದಿನೀರಿನ ಕಣಕ ಕೈಗೆ ತಾಗಿದ ಕ್ಷಣವೇ ಹಿಂದಿನದಕ್ಕಿಂತ ಬೇರೆಯೆಂದು ತಿಳಿಯಿತು. 40ರಲ್ಲಿ ನಾಲ್ಕು ಮಾತ್ರ ಒಡೆದವು, ಅವೂ ನಾನು ಆಸೆಯಿಂದ ಹೂರಣವನ್ನು ಅತಿಯಾಗಿ ತುಂಬಿದವು. ಮೊದಲನೆಯದನ್ನು ಕಚ್ಚಿದಾಗ ರಸ ಬೆರಳಿನ ಮೇಲೆ ಹರಿಯಿತು. ಕೋಸಿನ ನೀರನ್ನು ಮಾಂಸಕ್ಕೆ ಸೇರಿಸುವ ಸಲಹೆಯನ್ನೂ ಪಾಲಿಸಿದೆ, ಅದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಹಸಿ ಮಾಂಸ ಹನ್ನೆರಡೇ ನಿಮಿಷದಲ್ಲಿ ಬೇಯುತ್ತದೆಂದು ನಮ್ಮ ತಾಯಿಗೆ ಇನ್ನೂ ನಂಬಿಕೆ ಬಂದಿಲ್ಲ. ಅವರು ತಿನ್ನಲಿಲ್ಲ ಎಂಬುದೊಂದೇ ಬೇಸರ. ಹೆಚ್ಚಿಗೆ ಮಾಡಿ ಇಟ್ಟುಕೊಳ್ಳುವುದು ಹೇಗೆ, ಶೆನ್ಯಾಂಗ್‌ನಲ್ಲಿ ಜೊತೆಗೆ ಕೊಡುತ್ತಿದ್ದ ಹಸಿರು ಬೆಳ್ಳುಳ್ಳಿ ಏನು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರದ ಚಳಿ (ದಾಲಿಯನ್, ಚೀನಾ) ಬರೆದ ಉತ್ತರ:

ಓದಿ ತುಂಬ ಸಂತೋಷವಾಯಿತು. ಕೋಸಿನ ನೀರಿನ ವಿಷಯದಲ್ಲಿ ಮಂಗಳೂರಿನವರ ಮಾತನ್ನು ಒಪ್ಪುತ್ತೇನೆ. ನಾನೂ ಹಾಗೆ ಮಾಡಿ ನೋಡಿದೆ.

ನಿಮ್ಮ ತಾಯಿಯವರಿಗಾಗಿ ಶೆನ್ಯಾಂಗ್‌ನದೇ ಒಂದು ದಾರಿಯಿದೆ. ಅಲ್ಲಿನ ಹೆಸರಾಂತ ಲಾವ್‌ಬಿಯನ್ ಶೈಲಿಯಲ್ಲಿ ಕೈಮಾವನ್ನು ಮೊದಲೇ ಬಾಣಲೆಯಲ್ಲಿ ಹುರಿದು, ಆಮೇಲೆ ಮೂಳೆಯ ಸಾರನ್ನು ಅದಕ್ಕೆ ಹೀರಿಸಿ, ತಣಿಸಿ, ತರಕಾರಿ ಬೆರೆಸಿ ತುಂಬುತ್ತಾರೆ. ಮಾಂಸ ಪೂರ್ತಿ ಬೆಂದಿರುವುದನ್ನು ಅವರು ಕಣ್ಣಾರೆ ನೋಡಬಹುದು, ಸಾರು ಸೇರುವುದರಿಂದ ಒಣಗುವ ಭಯವೂ ಇಲ್ಲ. ಹೂರಣ ಸ್ವಲ್ಪ ಉದುರುದುರಾಗಿರುತ್ತದೆ, ಅಷ್ಟೇ ವ್ಯತ್ಯಾಸ.

ಇಟ್ಟುಕೊಳ್ಳುವುದಾದರೆ ಹಸಿಯಾಗಿಯೇ ಹಿಟ್ಟು ಉದುರಿಸಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, ಫ್ರೀಜರಿನಲ್ಲಿ ಕಲ್ಲಿನಂತಾದ ಮೇಲೆ ಚೀಲಕ್ಕೆ ತುಂಬಿ. ತಿಂಗಳೊಳಗೆ ಮುಗಿಸಿ. ಬೇಯಿಸುವಾಗ ಕರಗಿಸಲು ಹೊರಗಿಡಬೇಡಿ; ಕರಗಿದರೆ ಕಣಕ ಒದ್ದೆಯಾಗಿ ಹರಿಯುತ್ತದೆ. ನೇರವಾಗಿ ಜೋರು ಹಬೆಗಿಟ್ಟು 15 ನಿಮಿಷ ಬೇಯಿಸಿ, ಮೊದಲ ಸಲ ಒಂದನ್ನು ಕತ್ತರಿಸಿ ನಡುಭಾಗವನ್ನು ನೋಡಿಕೊಳ್ಳಿ.

ಹಸಿರು ಬೆಳ್ಳುಳ್ಳಿಗೆ ಲಾಬಾ ಬೆಳ್ಳುಳ್ಳಿ ಎಂದು ಹೆಸರು. ಚಾಂದ್ರಮಾನದ ಹನ್ನೆರಡನೆಯ ತಿಂಗಳ ಎಂಟನೆಯ ದಿನ ಅದನ್ನು ವಿನೆಗರಿನಲ್ಲಿ ಹಾಕಿಟ್ಟು, ಹೊಸವರ್ಷದ ಜಿಯಾವ್‌ಜದೊಂದಿಗೆ ತಿನ್ನುತ್ತಾರೆ. ಚಳಿಯಲ್ಲಿದ್ದ ಬೆಳ್ಳುಳ್ಳಿಯೇ ಚೆನ್ನಾಗಿ ಹಸಿರಾಗುವುದರಿಂದ ಮೈಸೂರಿನಲ್ಲಿ ನೀವು ಬೆಳ್ಳುಳ್ಳಿಯನ್ನು ಮೊದಲು ಎರಡು ವಾರ ಫ್ರಿಜ್‌ನಲ್ಲಿಡಬೇಕು. ಆಮೇಲೆ ಸುಲಿದು, ಬುಡದ ಗಟ್ಟಿ ತುದಿಯನ್ನು ಕತ್ತರಿಸಿ, ಗಾಜಿನ ಶೀಶೆಯಲ್ಲಿ ಅಕ್ಕಿಯ ವಿನೆಗರ್ ಮತ್ತು ಒಂದು ಚಮಚ ಸಕ್ಕರೆಯೊಂದಿಗೆ ಮುಳುಗಿಸಿ ಮತ್ತೆ ಫ್ರಿಜ್‌ನಲ್ಲಿಡಿ. ಎರಡು ಮೂರು ವಾರದಲ್ಲಿ ಎಸಳುಗಳು ಪಚ್ಚೆಯ ಬಣ್ಣಕ್ಕೆ ತಿರುಗುತ್ತವೆ. ಉಳಿದ ವಿನೆಗರನ್ನು ಚೆಲ್ಲಬೇಡಿ. ಜಿಯಾವ್‌ಜವನ್ನು ಅದ್ದಿಕೊಳ್ಳುವುದು ಅದರಲ್ಲೇ.